ರಿಪೋರ್ಟ್ ನಾರ್ಮಲ್, ಹೊಟ್ಟೆನೋವು ನಿಜ: ಐಬಿಎಸ್ ಯಾಕೆ ಬರುತ್ತದೆ?



ಪ್ರಿಪರೇಟರಿ ಪರೀಕ್ಷೆ ಹತ್ತಿರವಾದಂತೆ ನಮ್ಮ ಮೇಜಿಗೆ ಬರುವ ರಜಾ ಅರ್ಜಿಗಳಲ್ಲಿ ಮತ್ತೆ ಮತ್ತೆ ಕಾಣುವ ಕಾರಣ ಹೊಟ್ಟೆನೋವು. ಅವುಗಳಲ್ಲಿ ಕೆಲವು ನೆಪ ಇರಬಹುದು, ಎಲ್ಲವೂ ನೆಪವಲ್ಲ. ತಿಂಗಳುಗಟ್ಟಲೆ ಹೊಟ್ಟೆ ಹಿಂಡುವುದು, ಕೆಲವು ದಿನ ಭೇದಿ, ಕೆಲವು ದಿನ ಮಲಬದ್ಧತೆ, ಹೊಟ್ಟೆ ಉಬ್ಬರ, ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಮೂರು ನಾಲ್ಕು ಸಲ ಶೌಚಾಲಯಕ್ಕೆ ಓಡುವುದು, ಇವೆಲ್ಲ ಸೇರಿದ ಒಂದು ತೊಂದರೆಗೆ ವೈದ್ಯರು ಇರಿಟಬಲ್ ಬವೆಲ್ ಸಿಂಡ್ರೋಮ್, ಚಿಕ್ಕದಾಗಿ ಐಬಿಎಸ್ ಎನ್ನುತ್ತಾರೆ. ಕನ್ನಡದಲ್ಲಿ ರೇಗುವ ಕರುಳು ಎನ್ನಬಹುದು.

ನನ್ನ ತರಗತಿಯಲ್ಲಿದ್ದ ಒಬ್ಬ ವಿದ್ಯಾರ್ಥಿ ಒಮ್ಮೆ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಕೇಳಿದ: “ಸರ್, ಸ್ಕ್ಯಾನ್ ಮಾಡಿಸಿದ್ದಾಯ್ತು, ರಕ್ತ, ಮಲ ಎಲ್ಲ ಪರೀಕ್ಷೆ ಆಯ್ತು. ಏನೂ ಇಲ್ಲ ಅಂತಾರೆ. ಹಾಗಾದ್ರೆ ನನ್ನ ನೋವು ಸುಳ್ಳಾ?” ಮನೆಯಲ್ಲಿ ಅವನಿಗೆ ಪರೀಕ್ಷೆಯ ಭಯ ಎಂದಿದ್ದರಂತೆ, ಗೆಳೆಯರು ನಾಟಕ ಎಂದಿದ್ದರಂತೆ. ಅವನ ಪ್ರಶ್ನೆಗೆ ಉತ್ತರವಾಗಿ ಈ ಪಾಠ.

ಐಬಿಎಸ್ ಎಂದರೇನು?

ಕರುಳಿನಲ್ಲಿ ಹುಣ್ಣು, ಗಡ್ಡೆ, ಊತ ಇದ್ದರೆ ಸ್ಕ್ಯಾನ್ ಅಥವಾ ಎಂಡೋಸ್ಕೋಪಿಯಲ್ಲಿ ಕಾಣುತ್ತದೆ. ಐಬಿಎಸ್‌ನಲ್ಲಿ ಕರುಳಿನ ರಚನೆ ಸರಿಯಾಗಿಯೇ ಇರುತ್ತದೆ, ಕೆಟ್ಟಿರುವುದು ಅದರ ಕೆಲಸದ ರೀತಿ. ಕ್ಲಾಸಿನ ಕರೆಗಂಟೆಯನ್ನು ನೆನೆಸಿಕೊಳ್ಳಿ. ಗಂಟೆ ಒಡೆದಿಲ್ಲ, ತಂತಿ ಕಡಿದಿಲ್ಲ, ಆದರೂ ಹೊತ್ತಲ್ಲದ ಹೊತ್ತಿಗೆ ಬಾರಿಸುತ್ತದೆ. ಅದರ ಫೋಟೋ ತೆಗೆದರೆ ದೋಷ ಕಾಣುವುದಿಲ್ಲ.

ಹಾಗಾಗಿ ಇದನ್ನು ಗುರುತಿಸುವುದು ಮುಖ್ಯವಾಗಿ ಲಕ್ಷಣಗಳಿಂದ. ಜಗತ್ತಿನ ವೈದ್ಯರು ಬಳಸುವ, 2016ರಲ್ಲಿ ಪ್ರಕಟವಾದ ರೋಮ್ 4 ಮಾನದಂಡದ ಪ್ರಕಾರ ಕಳೆದ 3 ತಿಂಗಳಲ್ಲಿ ವಾರಕ್ಕೆ ಸರಾಸರಿ ಒಂದು ದಿನವಾದರೂ ಹೊಟ್ಟೆನೋವು ಇರಬೇಕು. ಜೊತೆಗೆ ಈ ಮೂರರಲ್ಲಿ ಎರಡಾದರೂ ಇರಬೇಕು: ನೋವಿಗೂ ಮಲವಿಸರ್ಜನೆಗೂ ಸಂಬಂಧ, ಎಷ್ಟು ಸಲ ಹೋಗುತ್ತೇವೆ ಎಂಬುದರಲ್ಲಿ ಬದಲಾವಣೆ, ಮಲದ ಗಟ್ಟಿತನದಲ್ಲಿ ಬದಲಾವಣೆ. ತೊಂದರೆ ಶುರುವಾಗಿ 6 ತಿಂಗಳಾದರೂ ಆಗಿರಬೇಕು. ಒಂದು ದಿನ ಪರೋಟ ತಿಂದು ಹೊಟ್ಟೆ ಕೆಟ್ಟರೆ ಅದು ಐಬಿಎಸ್ ಅಲ್ಲ.

ಇದೇ ಮಾನದಂಡ ಐಬಿಎಸ್ ಅನ್ನು ಕರುಳು ಮತ್ತು ಮಿದುಳಿನ ನಡುವಿನ ಸಂವಹನದ ತೊಂದರೆ ಎಂದು ಕರೆಯುತ್ತದೆ. ಇದಕ್ಕೆ ಒಂದೇ ಕಾರಣ ಇಲ್ಲ. ಹಲವು ಕಾರಣಗಳು ಒಂದರ ಮೇಲೊಂದು ಸೇರುತ್ತವೆ. ಒಂದೊಂದಾಗಿ ನೋಡೋಣ.

1. ಕರುಳಿಗೂ ನರಮಂಡಲ ಇದೆ

ಅನ್ನನಾಳದಿಂದ ಗುದದ್ವಾರದವರೆಗೆ ಜೀರ್ಣನಾಳದ ಗೋಡೆಯೊಳಗೆ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. ಮಿದುಳಿನ ಅಪ್ಪಣೆಗೆ ಕಾಯದೆ ಇವೇ ಕರುಳನ್ನು ಅಲೆಅಲೆಯಾಗಿ ಸಂಕುಚಿಸಿ ಆಹಾರವನ್ನು ಮುಂದೆ ತಳ್ಳುತ್ತವೆ. ಇದೇ ಪೆರಿಸ್ಟಾಲ್ಸಿಸ್. ಹೊರಗಿನ ನರಗಳನ್ನು ಕತ್ತರಿಸಿದರೂ ಕರುಳಿನ ಈ ಚಲನೆ ನಡೆಯುತ್ತದೆಂದು ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲೇ ತೋರಿಸಿದ್ದರು.

ಅಲೆ ವೇಗವಾಗಿ ಸಾಗಿದರೆ ದೊಡ್ಡ ಕರುಳಿಗೆ ನೀರು ಹೀರಲು ಸಮಯ ಸಾಲದು, ಭೇದಿಯಾಗುತ್ತದೆ. ನಿಧಾನವಾದರೆ ನೀರೆಲ್ಲ ಹೀರಿ ಮಲ ಗಟ್ಟಿಯಾಗುತ್ತದೆ. ಕೆಲವರಲ್ಲಿ ಎರಡೂ ಸರದಿಯಂತೆ ಬರುತ್ತವೆ. ಈ ವೇಗವನ್ನು ಹೊಂದಿಸುವ ರಾಸಾಯನಿಕಗಳಲ್ಲಿ ಸೆರೊಟೋನಿನ್ ಮುಖ್ಯವಾದುದು. ನಾವು ಅದನ್ನು ಮಿದುಳಿನ ರಾಸಾಯನಿಕ ಎಂದು ಓದುತ್ತೇವೆ, ಆದರೆ ದೇಹದ ಸೆರೊಟೋನಿನ್‌ನಲ್ಲಿ ಶೇಕಡಾ 90ರಷ್ಟು ಇರುವುದು ಜೀರ್ಣನಾಳದಲ್ಲಿ.

2. ನೋವಿನ ಧ್ವನಿ ಏರಿರುವುದು

ಕರುಳಿನಲ್ಲಿ ಗಾಳಿ ಎಲ್ಲರಿಗೂ ಇರುತ್ತದೆ, ಹೆಚ್ಚಿನವರಿಗೆ ಅದು ಗೊತ್ತಾಗುವುದೇ ಇಲ್ಲ. 1973ರಲ್ಲಿ ಬ್ರಿಟನ್ನಿನ ರಿಚಿ ಎಂಬ ಸಂಶೋಧಕರು ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಸಣ್ಣ ಬಲೂನನ್ನು ಇಟ್ಟು ಉಬ್ಬಿಸಿ ನೋಡಿದರು. ಆರೋಗ್ಯವಂತರಲ್ಲಿ ಬಹುತೇಕ ಮಂದಿಗೆ ನೋವಾಗದ ಅದೇ ಗಾತ್ರಕ್ಕೆ ಐಬಿಎಸ್ ಇದ್ದ ಹೆಚ್ಚಿನವರಿಗೆ ನೋವಾಯಿತು. ಅಂದರೆ ಅವರ ಕರುಳಿನ ನರಗಳು ಸಣ್ಣ ಸುದ್ದಿಯನ್ನೂ ದೊಡ್ಡ ಧ್ವನಿಯಲ್ಲಿ ಹೇಳುತ್ತವೆ. ಆ ವಿದ್ಯಾರ್ಥಿಯ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿದೆ: ಸ್ಕ್ಯಾನ್ ಕರುಳಿನ ಆಕಾರವನ್ನು ತೋರಿಸುತ್ತದೆ, ನರದ ಸಂವೇದನೆಯನ್ನು ತೋರಿಸುವುದಿಲ್ಲ. ನೋವು ನಿಜವಾದದ್ದೇ.

3. ಹಳೆಯ ಸೋಂಕಿನ ನೆನಪು

ಎರಡನೆಯ ಉತ್ತರ ಅವನ ಮಾತಿನಲ್ಲೇ ಇತ್ತು. ಹಿಂದಿನ ವರ್ಷ ಮದುವೆಯೊಂದರಲ್ಲಿ ಊಟ ಮಾಡಿ ಬಂದ ಮೇಲೆ ಜೋರು ವಾಂತಿ, ಭೇದಿ, ಜ್ವರ. ವಾರದಲ್ಲಿ ಅದು ವಾಸಿಯಾಯಿತು, ಹೊಟ್ಟೆ ಮಾತ್ರ ಹಿಂದಿನಂತೆ ಆಗಲೇ ಇಲ್ಲ.

2000ರ ಮೇ ತಿಂಗಳಲ್ಲಿ ಕೆನಡಾದ ವಾಕರ್ಟನ್ ಎಂಬ ಸುಮಾರು 5,000 ಜನರ ಊರಿನಲ್ಲಿ ಭಾರಿ ಮಳೆಯ ಬಳಿಕ ದನದ ಸೆಗಣಿ ಬೆರೆತ ನೀರು ಕುಡಿಯುವ ನೀರಿನ ಬಾವಿಯನ್ನು ಸೇರಿತು. 2,300ರಷ್ಟು ಜನ ಕಾಯಿಲೆ ಬಿದ್ದರು, 7 ಮಂದಿ ತೀರಿಕೊಂಡರು. ಆ ಊರಿನವರನ್ನು ವೈದ್ಯರು ವರ್ಷಗಟ್ಟಲೆ ಗಮನಿಸಿದರು. ಎರಡು ಮೂರು ವರ್ಷಗಳ ನಂತರ, ಸೋಂಕು ತಗುಲಿದ್ದು ಖಚಿತವಾಗಿದ್ದವರಲ್ಲಿ ನೂರಕ್ಕೆ 36 ಮಂದಿಗೆ ಐಬಿಎಸ್ ಲಕ್ಷಣಗಳಿದ್ದವು, ಸೋಂಕು ತಗುಲದವರಲ್ಲಿ ನೂರಕ್ಕೆ 10 ಮಂದಿಗೆ. ಎಂಟು ವರ್ಷಗಳ ಹೊತ್ತಿಗೆ ಐಬಿಎಸ್ ಇದ್ದವರ ಪ್ರಮಾಣ ಸಾಕಷ್ಟು ಇಳಿದಿತ್ತು. ಅಂದರೆ ಬಹಳ ಮಂದಿಗೆ ಕಾಲಕ್ರಮೇಣ ಕಡಿಮೆಯಾಗುತ್ತದೆ.

ರೋಗಾಣು ಹೋದ ಮೇಲೂ ಯಾಕೆ ಹೀಗೆ? ಸೋಂಕಿನ ವೇಳೆ ಕರುಳಿನ ಒಳಪದರ ಘಾಸಿಗೊಳ್ಳುತ್ತದೆ, ಅಲ್ಲಿನ ಸೂಕ್ಷ್ಮಜೀವಿಗಳ ಸಮತೋಲನ ಏರುಪೇರಾಗುತ್ತದೆ, ರಕ್ಷಣಾ ಕೋಶಗಳು ಎಚ್ಚರದಲ್ಲೇ ಉಳಿಯುತ್ತವೆ. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಇಲಿಗಳಲ್ಲಿ ತೋರಿಸಿತು. ಸೋಂಕಿನ ಸಮಯದಲ್ಲಿ ತಿಂದ ಆಹಾರವನ್ನೂ ಕರುಳು ಶತ್ರು ಎಂದು ನೆನಪಿಟ್ಟುಕೊಂಡಿತ್ತು. ಸೋಂಕು ಹೋದ ಮೇಲೆ ಅದೇ ಆಹಾರ ಬಂದಾಗ ಮಾಸ್ಟ್ ಕೋಶಗಳು ಹಿಸ್ಟಮಿನ್ ಬಿಡುಗಡೆ ಮಾಡಿ ನರಗಳನ್ನು ಕೆರಳಿಸಿದವು. ಮಳೆಗಾಲದಲ್ಲಿ ಬಾವಿ ನೀರನ್ನು ಕುದಿಸಿ ಕುಡಿಯಿರಿ ಎಂದು ಹಿರಿಯರು ಹೇಳುವ ಮಾತು ಆ ವಾರದ ಭೇದಿಯನ್ನು ಮಾತ್ರ ತಪ್ಪಿಸುವುದಲ್ಲ.

4. ಊಟ

ಕೆಲವು ಸಕ್ಕರೆ, ಪಿಷ್ಟಗಳು ಸಣ್ಣ ಕರುಳಿನಲ್ಲಿ ಪೂರ್ತಿ ಹೀರಲ್ಪಡದೆ ದೊಡ್ಡ ಕರುಳಿಗೆ ಇಳಿಯುತ್ತವೆ. ಅವು ನೀರನ್ನು ಎಳೆಯುತ್ತವೆ, ಬ್ಯಾಕ್ಟೀರಿಯಾಗಳು ಅವನ್ನು ಹುದುಗಿಸಿ ಅನಿಲ ಮಾಡುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಡಲೆ, ರಾಜ್ಮಾ, ಹಾಲು, ಸೇಬು ಇಂಥವು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಇವುಗಳ ಗುಂಪಿಗೆ ಫಾಡ್‌ಮ್ಯಾಪ್ ಎಂದು ಹೆಸರಿಟ್ಟಿದ್ದಾರೆ. ಈ ಆಹಾರ ಕೆಟ್ಟದ್ದಲ್ಲ. ಎಲ್ಲರ ಹೊಟ್ಟೆಯಲ್ಲೂ ಅನಿಲ ಆಗುತ್ತದೆ, ರೇಗುವ ಕರುಳಿಗೆ ಅದು ನೋವಾಗಿ ಕೇಳಿಸುತ್ತದೆ. ದಕ್ಷಿಣ ಭಾರತದಲ್ಲಿ ಹಾಲಿನ ಲ್ಯಾಕ್ಟೋಸ್ ಜೀರ್ಣವಾಗದವರು ಬಹಳ ಮಂದಿ ಇದ್ದಾರೆ. ಕೆಲವರ ತೊಂದರೆ ಹಾಲಿನಿಂದಷ್ಟೇ ಇರಬಹುದು.

ಎಷ್ಟು ತಿನ್ನುತ್ತೇವೆ ಎಂಬುದೂ ಮುಖ್ಯ. ಹೊಟ್ಟೆ ತುಂಬಿದೊಡನೆ ದೊಡ್ಡ ಕರುಳು ಚುರುಕಾಗುವುದು ಸಹಜ ಪ್ರತಿವರ್ತನೆ, ಎಣ್ಣೆ ಜಿಡ್ಡಿನ ದೊಡ್ಡ ಊಟಕ್ಕೆ ಅದು ಜೋರಾಗುತ್ತದೆ. ರಮಝಾನ್‌ನಲ್ಲಿ ಇಡೀ ದಿನದ ಉಪವಾಸದ ನಂತರ ಸಮೋಸ, ಹಾಲಿನ ಶರಬತ್ತು, ಬಿರಿಯಾನಿ ಎಲ್ಲವನ್ನೂ ಒಂದೇ ಗಂಟೆಯಲ್ಲಿ ಮುಗಿಸಿದರೆ ಇಂಥವರಿಗೆ ತರಾವೀಹ್‌ಗೆ ನಿಲ್ಲುವುದೂ ಕಷ್ಟವಾಗುತ್ತದೆ. ಖರ್ಜೂರ, ನೀರು, ಸ್ವಲ್ಪ ಗಂಜಿಯಿಂದ ಶುರುಮಾಡಿ, ಊಟವನ್ನು ಬಿಡುವು ಕೊಟ್ಟು ಮಾಡುವುದು ಒಳ್ಳೆಯದು.

5. ಮನಸ್ಸು

ಮನಸ್ಸನ್ನು ಕೊನೆಗೆ ಇಟ್ಟಿದ್ದೇನೆ, ಯಾಕೆಂದರೆ ಜನ ಇದನ್ನೊಂದೇ ಕಾರಣ ಎಂದುಕೊಳ್ಳುತ್ತಾರೆ. ಒತ್ತಡದಲ್ಲಿ ಮಿದುಳು ಬಿಡುಗಡೆ ಮಾಡುವ ಸಿಆರ್‌ಎಫ್ ಎಂಬ ಹಾರ್ಮೋನ್ ದೊಡ್ಡ ಕರುಳಿನ ಚಲನೆಯನ್ನು ಹೆಚ್ಚಿಸುತ್ತದೆ. ಪರೀಕ್ಷೆಯ ಬೆಳಿಗ್ಗೆ ಶೌಚಾಲಯಕ್ಕೆ ಅವಸರ ಆಗುವುದು ಅದರಿಂದಲೇ. ಆದರೆ ದಾರಿ ಎರಡೂ ಕಡೆಗೆ ಇದೆ. ಮಿದುಳನ್ನೂ ಕರುಳನ್ನೂ ಜೋಡಿಸುವ ವೇಗಸ್ ನರದ ಹೆಚ್ಚಿನ ತಂತುಗಳು ಕರುಳಿನಿಂದ ಮಿದುಳಿಗೆ ಸುದ್ದಿ ಒಯ್ಯುವವು. ಆಸ್ಟ್ರೇಲಿಯಾದಲ್ಲಿ 12 ವರ್ಷ ನಡೆದ ಅಧ್ಯಯನವೊಂದರಲ್ಲಿ, ಮೊದಲು ಆತಂಕ ಇದ್ದವರಲ್ಲಿ ನಂತರ ಇಂಥ ಹೊಟ್ಟೆಯ ತೊಂದರೆ ಹೆಚ್ಚು ಕಂಡಿತು, ಮೊದಲು ಹೊಟ್ಟೆಯ ತೊಂದರೆ ಇದ್ದವರಲ್ಲಿ ನಂತರ ಆತಂಕ ಹೆಚ್ಚು ಕಂಡಿತು. ಆದ್ದರಿಂದ “ಎಲ್ಲ ನಿನ್ನ ಭಯ” ಎಂಬ ಮಾತು ಅರ್ಧ ಸತ್ಯ. ಅದು ಗದರಿಕೆಯಾಗಿ ಬಂದರೆ ಒತ್ತಡ ಇನ್ನಷ್ಟು ಏರುತ್ತದೆ.

ಯಾವಾಗ ತಡ ಮಾಡಬಾರದು?

ಈ ಲೇಖನ ಓದಿ ನಿಮಗೆ ನೀವೇ ಐಬಿಎಸ್ ಎಂದು ಹೆಸರಿಟ್ಟುಕೊಳ್ಳಬೇಡಿ. ಮಲದಲ್ಲಿ ರಕ್ತ, ತೂಕ ಇಳಿಕೆ, ಬಿಡದ ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಅಥವಾ ಕರುಳಿನ ಉರಿಯೂತ, ಇವುಗಳಲ್ಲಿ ಒಂದಿದ್ದರೂ ಬೇಗ ವೈದ್ಯರನ್ನು ಕಾಣಬೇಕು. ಕರುಳಿನ ಕ್ಷಯ, ಅಮೀಬಾ, ಗಿಯಾರ್ಡಿಯಾ, ಗೋಧಿಯ ಗ್ಲುಟನ್‌ನಿಂದ ಬರುವ ಸೀಲಿಯಾಕ್ ಕಾಯಿಲೆ ಇವೂ ಹೀಗೇ ಶುರುವಾಗಬಹುದು, ಇವಕ್ಕೆ ಬೇರೆ ಚಿಕಿತ್ಸೆ ಇದೆ. ಮೆಡಿಕಲ್ ಶಾಪಿನಿಂದ ಭೇದಿ ನಿಲ್ಲಿಸುವ ಮಾತ್ರೆ, ಆಂಟಿಬಯೋಟಿಕ್ ತಂದು ನುಂಗುತ್ತಾ ಹೋದರೆ ನಿಜವಾದ ಕಾಯಿಲೆ ಮರೆಯಾಗಿ ಉಳಿಯುತ್ತದೆ.

ಐಬಿಎಸ್ ಎಂದೇ ತಿಳಿದರೆ ಹೆದರಬೇಕಾಗಿಲ್ಲ. ಅದು ಕ್ಯಾನ್ಸರ್ ಆಗಿ ಬದಲಾಗುವುದಿಲ್ಲ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಏನು ತಿಂದಿರಿ, ಎಷ್ಟು ನಿದ್ದೆ, ಯಾವ ದಿನ ನೋವು, ಎಷ್ಟು ಸಲ ಶೌಚ ಎಂದು ಬರೆದಿಡಿ. ಐದು ಕಾರಣಗಳಲ್ಲಿ ನಿಮ್ಮದು ಯಾವುದು ಎಂಬುದನ್ನು ವೈದ್ಯರು ಅದರಿಂದ ಬೇಗ ಗುರುತಿಸಬಲ್ಲರು. ಹೊತ್ತಿಗೆ ಸರಿಯಾದ ಊಟ, ನಿದ್ದೆ, ದಿನವೂ ನಡಿಗೆ ಎಲ್ಲರಿಗೂ ಸಹಾಯ. ಇಸಬ್ಗೋಲು ಕೆಲವರಿಗೆ ಒಗ್ಗುತ್ತದೆ. ಒಂದೇ ಸಲಕ್ಕೆ ಹತ್ತು ಆಹಾರ ಬಿಟ್ಟುಬಿಡಬೇಡಿ, ಬೆಳೆಯುವ ವಯಸ್ಸಿನಲ್ಲಿ ಅದು ಬೇರೆ ಕೊರತೆ ತರುತ್ತದೆ.

ಕೊನೆಯದಾಗಿ ನನ್ನ ಸಹೋದ್ಯೋಗಿಗಳಿಗೆ ಮತ್ತು ತರಗತಿಯ ಗೆಳೆಯ ಗೆಳತಿಯರಿಗೆ ಒಂದು ವಿನಂತಿ. ಪಾಠದ ನಡುವೆ ಹೊರಗೆ ಹೋಗಲು ಕೈ ಎತ್ತಿದ ಹುಡುಗ ಅಥವಾ ಹುಡುಗಿಗೆ ಎಲ್ಲರ ಮುಂದೆ ಕಾರಣ ಕೇಳಬೇಡಿ. ನಾಚಿಕೆಯಿಂದ ತಡೆದುಕೊಳ್ಳುವವರು, ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ಇಡೀ ದಿನ ನೀರು ಕುಡಿಯದವರು ನಮ್ಮ ನಡುವೆಯೇ ಇದ್ದಾರೆ. ಬಾಗಿಲ ಹತ್ತಿರದ ಬೆಂಚು ಮತ್ತು ಕೇಳದೆ ಹೋಗಿ ಬರುವ ಅನುಮತಿ, ಇಷ್ಟು ಸಿಕ್ಕರೆ ಅವರ ಕಾರಣಗಳ ಪಟ್ಟಿಯಲ್ಲಿ ಒಂದನ್ನಾದರೂ ನಾವು ಕಡಿಮೆ ಮಾಡಿದಂತೆ.