ಸಮಗಾರ ಹರಳಯ್ಯನವರ ಗೃಹಸ್ಥಧರ್ಮ

ಮನೆ ಮಠಗಳನ್ನು ತೊರೆದು ಅಡವಿಯಲ್ಲಿ ಶಿವನನ್ನು ಅರಸಿದವರು ಲೋಕದಲ್ಲಿ ಅನೇಕರುಂಟು. 12ನೆಯ ಶತಮಾನದ ಕಲ್ಯಾಣದ ಶರಣರಲ್ಲಿ ಬಹುಮಂದಿ ಹಿಡಿದ ದಾರಿ ಬೇರೆ. ಅವರಿಗೆ ಸತಿಯಿದ್ದಳು, ಮಕ್ಕಳಿದ್ದರು, ಹೊಟ್ಟೆ ಹೊರೆಯುವ ಕಸುಬಿತ್ತು. ಇವೆಲ್ಲವನ್ನೂ ಇಟ್ಟುಕೊಂಡೇ, ಇವೆಲ್ಲವನ್ನೂ ಶಿವನಿಗೆ ಸಲ್ಲುವಂತೆ ನಡೆಸಿದುದು ಅವರ ಹಿರಿಮೆ. ಅಂಥ ಗೃಹಸ್ಥ ಶರಣರಲ್ಲಿ ಸಮಗಾರ ಹರಳಯ್ಯನವರ ಚರಿತ್ರೆಯು ಪ್ರತಿಯೊಬ್ಬ ಸಂಸಾರಿಯೂ ಮತ್ತೆ ಮತ್ತೆ ಮನನ ಮಾಡತಕ್ಕದ್ದಾಗಿದೆ. ಒಬ್ಬ ಪತಿ, ಒಬ್ಬ ತಂದೆ, ಒಬ್ಬ ಕಾಯಕಜೀವಿ ಪಂಚಾಚಾರಗಳನ್ನು ತನ್ನ ಮನೆಯೊಳಗೆ ಹೇಗೆ ನಡೆಸಬಲ್ಲನೆಂಬುದಕ್ಕೆ ಅದೊಂದು ನಿದರ್ಶನ.

ಹರಳಯ್ಯನವರ ಕಥೆಯನ್ನು ನಮಗೆ ಉಳಿಸಿಕೊಟ್ಟಿರುವುದು ಪುರಾಣಗಳೂ ಶರಣಪರಂಪರೆಯೂ. 1369ರಲ್ಲಿ ರಚಿತವಾದ ಭೀಮಕವಿಯ ಬಸವಪುರಾಣದಲ್ಲಿ, ಬಿಜ್ಜಳನು ಇಬ್ಬರು ಶರಣರ ಕಣ್ಣು ಕೀಳಿಸಿದ ಪ್ರಸಂಗವು ಬಂದಿದೆ. ಪಾದರಕ್ಷೆಯ ವೃತ್ತಾಂತವೂ ವಿವಾಹದ ವೃತ್ತಾಂತವೂ ಪರಂಪರೆಯ ಕಥನದಲ್ಲಿ ವಿಸ್ತಾರವಾಗಿ ಬೆಳೆದು ಬಂದಿವೆ. ಕಥನಗಳಲ್ಲಿ ಸಣ್ಣಪುಟ್ಟ ಭೇದಗಳಿದ್ದರೂ ಅವುಗಳೆಲ್ಲದರ ತಿರುಳು ಒಂದೇ.

ಹರಳಯ್ಯನವರು ಕಲ್ಯಾಣದಲ್ಲಿ ಚರ್ಮದ ಕಾಯಕ ಮಾಡುತ್ತಿದ್ದವರು. ಹಸಿ ತೊಗಲನ್ನು ಸುಣ್ಣದಲ್ಲಿ ನೆನೆಹಾಕಿ, ಕೂದಲು ಹೆರೆದು, ತಂಗಡಿಯ ತೊಗಟೆಯ ರಸದಲ್ಲಿ ಹದಗೊಳಿಸಿ, ಹೊಲಿದು ಪಾದರಕ್ಷೆ ಮಾಡುವುದು ದೀರ್ಘಶ್ರಮದ ಕೆಲಸ. ಲೋಕವು ಆ ಕೆಲಸದ ಫಲವನ್ನು ಕಾಲಿಗೆ ಧರಿಸಿತು. ಕೆಲಸ ಮಾಡಿದವನನ್ನು ದೂರ ನಿಲ್ಲಿಸಿತು. ಬಸವಣ್ಣನವರಾದರೋ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ತಮ್ಮ ಹಿರಿಯರೆಂದೂ ಬಂಧುಗಳೆಂದೂ ಸಾರಿಕೊಂಡವರು. ದುಡಿಮೆ ಶುದ್ಧವಾಗಿದ್ದರೆ ದುಡಿಯುವ ಕೈಗೆ ಮೈಲಿಗೆಯಿಲ್ಲವೆಂಬುದು ಅವರ ಉಪದೇಶ. ಇಷ್ಟಲಿಂಗವನ್ನಲ್ಲದೆ ಅನ್ಯದೈವವನ್ನು ನಂಬದಿರುವುದು ಲಿಂಗಾಚಾರ. ಸತ್ಯಶುದ್ಧ ಕಾಯಕದಿಂದ ಬಂದುದರಲ್ಲಿ ಬದುಕಿ ದಾಸೋಹ ಮಾಡುವುದು ಸದಾಚಾರ. ಈ ಎರಡೂ ಹರಳಯ್ಯನವರ ನಿತ್ಯದ ಬದುಕಿನಲ್ಲಿ ನೆಲೆಗೊಂಡಿದ್ದವು.

ಒಂದು ದಿನ ಹರಳಯ್ಯನವರು ದಾರಿಯಲ್ಲಿ ಬಸವಣ್ಣನವರನ್ನು ಕಂಡು ‘ಶರಣು’ ಎಂದರು. ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಮರುವಂದನೆ ಸಲ್ಲಿಸಿದರು. ರಾಜ್ಯದ ಭಂಡಾರಿಯಾದವರು ತಮ್ಮ ಒಂದು ಶರಣಿಗೆ ಎರಡು ಶರಣನ್ನು ಕೊಟ್ಟರಲ್ಲಾ! ಇನ್ನೊಬ್ಬನಾಗಿದ್ದರೆ ಉಬ್ಬಿ ಹೋಗುತ್ತಿದ್ದನು. ಹರಳಯ್ಯನವರಿಗೆ ಅದು ಹೊರೆಯಾಯಿತು. ತಾವು ಪಡೆದ ಹೆಚ್ಚಿನ ಶರಣಿನ ಋಣವನ್ನು ತೀರಿಸುವ ಬಗೆ ಹೇಗೆಂದು ಕಳವಳಗೊಂಡು ಮನೆಗೆ ಬಂದರು.

ಇಲ್ಲಿ ವಾಚಕರು ಗಮನಿಸತಕ್ಕ ಸಂಗತಿಯೊಂದುಂಟು. ಹರಳಯ್ಯನವರು ತಮ್ಮ ಕಳವಳವನ್ನು ಮಡದಿಯಾದ ಕಲ್ಯಾಣಮ್ಮನವರ ಮುಂದೆ ಇಟ್ಟರು. ಗಂಡಹೆಂಡಿರು ಕುಳಿತು ಆಲೋಚಿಸಿ, ತಮ್ಮ ತೊಡೆಗಳ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆಗಳನ್ನು ಮಾಡಿ ಅರ್ಪಿಸಬೇಕೆಂದು ನಿಶ್ಚಯಿಸಿದರು. ಪತಿಯ ತೊಡೆಯಿಂದ ಒಂದು, ಸತಿಯ ತೊಡೆಯಿಂದ ಒಂದು. ಹೀಗೆ ಜೋಡು ಸಿದ್ಧವಾಯಿತು. ಒಂದೇ ಕೆರ ಯಾರ ನಡೆಗೂ ಒದಗದು. ದಂಪತಿಗಳ ಭಕ್ತಿ ಒಂದಾಗಿದ್ದರೆ ಮಾತ್ರ ಅದು ಶಿವನಿಗೆ ಹಿತವೆಂದು ದೇವರ ದಾಸಿಮಯ್ಯನವರು ಬೋಧಿಸಿದ ತತ್ತ್ವವು ಈ ಬಡಮನೆಯಲ್ಲಿ ಕಣ್ಣಿಗೆ ಕಾಣುವ ವಸ್ತುವಾಗಿ ರೂಪುಗೊಂಡಿತು. ಹೆಂಡತಿಯನ್ನು ಕೇಳದೆ ಮಹಾದಾನ ಮಾಡಿ ಕೀರ್ತಿ ಪಡೆಯುವ ಯಜಮಾನರು ಇದನ್ನು ಮನಗಾಣಬೇಕು.

ಬಸವಣ್ಣನವರು ಆ ಪಾದರಕ್ಷೆಗಳನ್ನು ಮೆಟ್ಟಲಿಲ್ಲ. ಶರಣರ ಮೈಯಿಂದಾದ ವಸ್ತುವನ್ನು ಧರಿಸುವ ಯೋಗ್ಯತೆ ತಮಗಿಲ್ಲವೆಂದು ತಲೆಯ ಮೇಲಿಟ್ಟುಕೊಂಡು ಹರಳಯ್ಯನವರಿಗೇ ಹಿಂದಿರುಗಿಸಿದರು. ಕೊಡುವವರು ತಾವು ಕಿರಿಯರೆನ್ನುತ್ತಾರೆ. ಕೊಳ್ಳಬೇಕಾದವರು ತಾವು ಇನ್ನೂ ಕಿರಿಯರೆನ್ನುತ್ತಾರೆ. ಶರಣರಿಗೆ ತಾನು ಭೃತ್ಯನೆಂದು ನಡೆಯುವ ಭೃತ್ಯಾಚಾರವೆಂದರೆ ಇದೇ.

ಹರಳಯ್ಯನವರು ಪಾದರಕ್ಷೆಗಳನ್ನು ಹಿಡಿದು ಮರಳುವಾಗ ಬಿಜ್ಜಳನ ಆಸ್ಥಾನದ ಅಧಿಕಾರಿಯೂ ಬ್ರಾಹ್ಮಣನೂ ಆದ ಮಧುವರಸನು ಅವುಗಳನ್ನು ಕಂಡು ಬಲವಂತದಿಂದ ಮೆಟ್ಟಿದನೆಂದೂ, ಮೈಯೆಲ್ಲ ಉರಿ ಹತ್ತಿತೆಂದೂ, ಹರಳಯ್ಯನವರ ಮನೆಯ ನೀರಿನಿಂದಲೇ ಆ ಉರಿ ಶಮನವಾಯಿತೆಂದೂ ಪರಂಪರೆಯು ಹೇಳುತ್ತದೆ. ಯಾವ ಮನೆಯ ನೀರನ್ನು ಮುಟ್ಟಬಾರದೆಂದು ಅವನು ಕಲಿತಿದ್ದನೋ ಆ ನೀರೇ ಅವನನ್ನು ಉಳಿಸಿತು. ಮಧುವರಸನು ಲಿಂಗದೀಕ್ಷೆ ಪಡೆದು ಶರಣನಾದನು. ಆಮೇಲೆ ತನ್ನ ಮಗಳು ಲಾವಣ್ಯವತಿಯನ್ನು ಹರಳಯ್ಯನವರ ಮಗನಾದ ಶೀಲವಂತನಿಗೆ ಕೊಡಲು ಮುಂದಾದನು.

ಹರಳಯ್ಯನವರ ನಿಜವಾದ ಪರೀಕ್ಷೆ ಆರಂಭವಾದುದು ಇಲ್ಲಿ. ತೊಡೆಯ ಚರ್ಮವನ್ನು ಕೊಡುವಾಗ ನೋವುಣ್ಣಬೇಕಾದವರು ತಾವು ಮತ್ತು ತಮ್ಮ ಮಡದಿ. ಭಕ್ತಿಯ ಆವೇಶದಲ್ಲಿ ಮನುಷ್ಯನು ತನ್ನ ಪ್ರಾಣವನ್ನಾದರೂ ಕೊಟ್ಟಾನು. ಆದರೆ ಮಗನ ವಿಷಯ ಬಂದಾಗ ಎಂಥ ಧೀರನ ಕೈಯೂ ನಡುಗುತ್ತದೆ. ಈ ಮದುವೆಯಿಂದ ಅರಮನೆಯ ಕೋಪ ಎರಗಬಹುದೆಂಬುದು ಕಲ್ಯಾಣದಲ್ಲಿ ಎಲ್ಲರಿಗೂ ತಿಳಿದಿದ್ದ ಮಾತು. ಮಗನ ಕ್ಷೇಮವನ್ನು ಬಯಸುವ ತಂದೆಯು ‘ನಾವು ಶರಣರು ಸಮಾನರೇನೋ ಹೌದು, ಆದರೆ ಮದುವೆಯ ಮಾತು ಬೇಡ’ ಎಂದು ಕೈಮುಗಿದು ಬಿಡಬಹುದಾಗಿತ್ತು. ಯಾರೂ ಅವರನ್ನು ನಿಂದಿಸುತ್ತಿರಲಿಲ್ಲ.

ಹಾಗೆ ಹೇಳಿದ್ದರೆ ಆಗುತ್ತಿದ್ದುದೇನು? ಅನುಭವ ಮಂಟಪದಲ್ಲಿ ನುಡಿದುದು ಅಲ್ಲಿಯೇ ಉಳಿಯುತ್ತಿತ್ತು. ಮನೆಯ ಹೊಸ್ತಿಲನ್ನು ದಾಟುತ್ತಿರಲಿಲ್ಲ. ಲಿಂಗಧಾರಿಗಳಲ್ಲಿ ಕುಲವನ್ನು ಅರಸದೆ ಉಣ್ಣುವುದೂ ಹೆಣ್ಣು ಕೊಟ್ಟು ತರುವುದೂ ಶಿವಾಚಾರ. ಹರಳಯ್ಯನವರೂ ಕಲ್ಯಾಣಮ್ಮನವರೂ ಮದುವೆಗೆ ಸಮ್ಮತಿಸಿದರು. ಮಗನಿಗೆ ಹಿತವಾದುದು ಯಾವುದೆಂದು ಯೋಚಿಸುವ ತಂದೆಯು ಮಗನಿಗೆ ಸತ್ಯವಾದುದು ಯಾವುದೆಂದೂ ಯೋಚಿಸಬೇಕಾಗುತ್ತದೆ. ಭಯವನ್ನು ಆಸ್ತಿಯಾಗಿ ಬಿಟ್ಟುಹೋಗುವ ತಂದೆಯ ಮಗನು ಬಹುಕಾಲ ಬದುಕಬಹುದು, ತಲೆಯೆತ್ತಿ ಬದುಕಲಾರನು.

ಮುಂದೆ ನಡೆದುದು ನಾಡಿಗೆ ತಿಳಿದಿದೆ. ಈ ವಿವಾಹವು ವರ್ಣಸಂಕರವೆಂಬ ದೂರು ಬಿಜ್ಜಳನ ಬಳಿಗೆ ಹೋಯಿತು. ಹರಳಯ್ಯನವರ ಮತ್ತು ಮಧುವರಸರ ಕಣ್ಣುಗಳನ್ನು ಕೀಳಿಸಿ, ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಲಾಯಿತು. ಶೀಲವಂತನಿಗೂ ಅದೇ ಗತಿಯಾಯಿತೆಂದು ಕೆಲವು ಕಥನಗಳು ಹೇಳುವುವು. ಒಬ್ಬ ಸಮಗಾರ, ಒಬ್ಬ ಬ್ರಾಹ್ಮಣ ಒಂದೇ ಬೀದಿಯಲ್ಲಿ ಒಂದೇ ಶಿಕ್ಷೆಯನ್ನು ಅನುಭವಿಸಿದರು. ಬೀಗರಾದವರು ಮರಣದಲ್ಲಿಯೂ ಬೀಗತನವನ್ನು ಬಿಡಲಿಲ್ಲ. ಧರ್ಮಕ್ಕೆ ಕುಂದು ಬಂದಾಗ ಹಿಂಜರಿಯದೆ ನಿಲ್ಲುವ ಗಣಾಚಾರವು ಕೈಯಲ್ಲಿ ಕತ್ತಿಯಿಲ್ಲದೆಯೂ ನಡೆಯಬಲ್ಲುದೆಂಬುದಕ್ಕೆ ಇವರೇ ಸಾಕ್ಷಿ. ಬಳಿಕ ಕಲ್ಯಾಣವು ಕ್ಷೋಭೆಗೊಂಡಿತು. ಬಿಜ್ಜಳನ ಅಂತ್ಯವು 1167ರ ಸುಮಾರಿಗೆ ಆಯಿತು. ಚೆನ್ನಬಸವಣ್ಣನವರೊಡನೆ ಶರಣರ ಒಂದು ತಂಡವು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆಯಿತು. ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ಹರಳಯ್ಯನವರ ಹೆಸರಿನ ಗವಿಯನ್ನು ಯಾತ್ರಿಕರು ಇಂದಿಗೂ ದರ್ಶಿಸುತ್ತಾರೆ.

ಗವಿಗೆ ಹೋಗಿ ಕಾಯಿ ಕರ್ಪೂರ ಸಲ್ಲಿಸಿ ಬರುವುದು ಕಷ್ಟವಲ್ಲ. ಆ ತಂದೆಯ ಸ್ಮರಣೆಯನ್ನು ಮನೆಗೆ ತರುವುದು ಕಷ್ಟ. ಹರಳಯ್ಯನವರ ಹೆಸರನ್ನು ಭಕ್ತಿಯಿಂದ ಉಚ್ಚರಿಸುವ ಮನೆಗಳಲ್ಲಿಯೇ ಮಗಳಿಗೆ ವರ ಬಂದಾಗ ಮೊದಲು ಏಳುವ ಪ್ರಶ್ನೆ ‘ಯಾವ ಒಳಪಂಗಡ?’ ಎಂಬುದಲ್ಲವೇ? ಅವರ ಕಾಯಕವನ್ನೇ ಮಾಡುವ ಮನುಷ್ಯನು ಬಾಗಿಲಿಗೆ ಬಂದಾಗ ಅವನಿಗೆ ನೀರು ಕೊಡುವ ಲೋಟವು ಬೇರೆಯಾಗಿರುವ ಮನೆಗಳು ಇಲ್ಲವೇ? ಪೂಜೆಯ ಕೋಣೆಯಲ್ಲಿ ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಧ್ಯಾನಿಸಿದ ಕೈ, ಅಂಗಳಕ್ಕೆ ಬಂದೊಡನೆ ಕುಲವನ್ನು ಎಣಿಸತೊಡಗಿದರೆ ಆ ಪೂಜೆ ಎಲ್ಲಿ ಮುಟ್ಟಿತು?

ಹರಳಯ್ಯನವರ ಎದುರಿಗೆ ಬಿಜ್ಜಳನಿದ್ದನು. ಇಂದಿನ ಗೃಹಸ್ಥನ ಎದುರಿಗೆ ಅಂಥ ಅರಸನಿಲ್ಲ. 1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು ತನ್ನ 17ನೆಯ ವಿಧಿಯಿಂದ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1954ರ ವಿಶೇಷ ವಿವಾಹ ಕಾನೂನು ಜಾತಿಮತಗಳ ಭೇದವಿಲ್ಲದ ಮದುವೆಗೆ ಮಾನ್ಯತೆ ಕೊಟ್ಟಿತು. ಅಂದು ಆನೆಯ ಕಾಲಿಗೆ ಕಟ್ಟಿಸಿದ ನಡತೆಯನ್ನು ಇಂದು ರಾಜ್ಯದ ಶಾಸನವೇ ರಕ್ಷಿಸುತ್ತದೆ. ಆದರೂ ಅಡ್ಡಿ ಉಳಿದಿದ್ದರೆ ಅದು ಬಂಧುಗಳ ಮಾತಿಗೆ ಅಂಜುವ ತಾಯಿತಂದೆಗಳ ಎದೆಯಲ್ಲಿಯೇ ಉಳಿದಿದೆ. ಆ ಅಂಜಿಕೆಯನ್ನು ಗೆಲ್ಲುವುದೇ ಈ ಕಾಲದ ಗಣಾಚಾರವು.

ಆದುದರಿಂದ ಗೃಹಸ್ಥನಾದವನು ಈ ಚರಿತ್ರೆಯಿಂದ ಮೂರನ್ನು ಕಲಿಯಬೇಕು. ತನ್ನ ಕಾಯಕವು ಶುದ್ಧವಾಗಿದ್ದರೆ ಅದಕ್ಕಾಗಿ ನಾಚಬಾರದು, ಇನ್ನೊಬ್ಬನ ಕಾಯಕವನ್ನು ಹಳಿಯಬಾರದು. ಧರ್ಮಕಾರ್ಯವನ್ನು ಸತಿಯೊಡನೆ ಆಲೋಚಿಸಿ, ಇಬ್ಬರೂ ಸಮನಾಗಿ ಹೊರೆ ಹೊತ್ತು ಮಾಡಬೇಕು. ಮಕ್ಕಳ ಮುಂದೆ ಒಂದನ್ನು ನುಡಿದು, ಅವರ ಬಾಳಿನ ನಿರ್ಣಯ ಬಂದಾಗ ಇನ್ನೊಂದನ್ನು ನಡೆಯಬಾರದು. ಮಕ್ಕಳು ತಂದೆಯ ಉಪದೇಶಕ್ಕಿಂತ ತಂದೆಯ ನಿರ್ಣಯಗಳನ್ನು ಹೆಚ್ಚು ಕಾಲ ನೆನಪಿನಲ್ಲಿ ಇಟ್ಟುಕೊಳ್ಳುತ್ತಾರೆ.

ಒಂದು ಶರಣಿಗೆ ಎರಡು ಶರಣು ಬಂದುದನ್ನು ಋಣವೆಂದು ಬಗೆದ ಆ ಮನೆಯವರು ತಮ್ಮದೆನ್ನುವುದೆಲ್ಲವನ್ನೂ ಸಲ್ಲಿಸಿ ಹೋದರು. ಈಗ ಋಣವು ಅವರನ್ನು ಸ್ಮರಿಸುವವರ ಮೇಲಿದೆ. ಅದನ್ನು ತೀರಿಸಲು ಯಾರೂ ತೊಡೆಯ ಚರ್ಮವನ್ನು ಕೊಡಬೇಕಾಗಿಲ್ಲ. ಬಾಗಿಲಿಗೆ ಬಂದವನು ಯಾರೇ ಆಗಲಿ, ಅವನಿಗೆ ಮನೆಮಂದಿಯು ಕುಡಿಯುವ ಲೋಟದಲ್ಲಿಯೇ ನೀರು ಕೊಟ್ಟು, ಮಕ್ಕಳ ಕಣ್ಣೆದುರಿನಲ್ಲಿ ‘ಶರಣು’ ಎಂದರೆ ಅದೇ ಆರಂಭವಾದೀತು.