ಮನೆಯ ಧ್ವನಿಮುದ್ರಣ ಕೊಠಡಿ: ಸಂಕೇತಸರಣಿಯ ಜೋಡಣೆ

1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಫ್ರೆಡ್ ಗೈಸ್‌ಬರ್ಗ್ ಮುದ್ರಿಸಿಕೊಂಡಾಗ ಮೈಕ್ ಬಳಕೆಯಲ್ಲಿರಲಿಲ್ಲ. ಗಾಯಕರು ದೊಡ್ಡದೊಂದು ಕಹಳೆಯ ಬಾಯಿಗೆ ಮುಖವೊಡ್ಡಿ ಹಾಡಬೇಕಾಗಿತ್ತು. ಆ ಧ್ವನಿಯ ಒತ್ತಡವೇ ತೆಳುವಾದ ಪಟಲವನ್ನು ನಡುಗಿಸಿ, ಸೂಜಿಯ ಮೂಲಕ ಮೇಣದ ಬಿಲ್ಲೆಯ ಮೇಲೆ ಗೀರನ್ನು ಕೊರೆಯುತ್ತಿತ್ತು. 1925ರಲ್ಲಿ ವಿದ್ಯುತ್ ಧ್ವನಿಮುದ್ರಣದ ತಟ್ಟೆಗಳು ಮಾರುಕಟ್ಟೆಗೆ ಬಂದವು. ಇಂದು ಮನೆಯ ಒಂದು ಕೊಠಡಿಯಲ್ಲಿ ಒಬ್ಬ ಶಿಕ್ಷಕನೇ ಉತ್ತಮ ಮುದ್ರಣವನ್ನು ಮಾಡಬಲ್ಲನು. ಆದರೆ ಉಪಕರಣಗಳನ್ನು ಕೊಂಡು ತಂದ ಮಾತ್ರಕ್ಕೆ ಕಾರ್ಯ ಸಿದ್ಧಿಸುವುದಿಲ್ಲ; ಅವುಗಳ ಜೋಡಣೆಯ ಕ್ರಮವನ್ನೂ ಅದರ ಕಾರಣವನ್ನೂ ಅರಿತಿರಬೇಕು.

ಸಂಕೇತಸರಣಿ ಎಂದರೇನು?

ಹಾಡುವವರ ಕಂಠದಿಂದ ಹೊರಟ ಧ್ವನಿಯು ಕೊಠಡಿಯ ಗಾಳಿ, ಮೈಕ್, ಕೇಬಲ್, ಪೂರ್ವವರ್ಧಕ ಅಂದರೆ ಪ್ರಿಆಂಪ್ಲಿಫೈಯರ್, ಅಂಕೀಯ ಪರಿವರ್ತಕ, ಕಂಪ್ಯೂಟರ್ ಎಂಬ ಕ್ರಮದಲ್ಲಿ ಸಾಗುತ್ತದೆ. ಆಲಿಸುವಾಗ ಅದು ಮತ್ತೆ ವಿದ್ಯುತ್ತಾಗಿ ಹೆಡ್‌ಫೋನಿಗೆ ಹರಿಯುತ್ತದೆ. ಈ ಕೊಂಡಿಗಳ ಸಾಲಿಗೇ ಸಂಕೇತಸರಣಿಯೆಂದು ಹೆಸರು. ಪೂರ್ವವರ್ಧಕವೂ ಪರಿವರ್ತಕವೂ ಈಗ ಸಾಮಾನ್ಯವಾಗಿ ಆಡಿಯೋ ಇಂಟರ್ಫೇಸ್ ಎಂಬ ಒಂದೇ ಪೆಟ್ಟಿಗೆಯಲ್ಲಿರುತ್ತವೆ.

ಈ ಸರಣಿಯನ್ನು ಆಳುವ ತತ್ತ್ವವೊಂದಿದೆ. ಹೆರಾಲ್ಡ್ ಫ್ರೀಸ್ ಎಂಬ ವಿಜ್ಞಾನಿ 1944ರಲ್ಲಿ ರೇಡಿಯೋ ಗ್ರಾಹಕಗಳನ್ನು ಕುರಿತು ಇದನ್ನು ಗಣಿತರೂಪದಲ್ಲಿ ವಿವರಿಸಿದನು. ಒಂದರ ಮುಂದೊಂದು ವರ್ಧಕಗಳಿರುವಲ್ಲಿ ಮೊದಲನೆಯ ಹಂತದಲ್ಲಿ ಸೇರಿದ ಗದ್ದಲವೇ ಪ್ರಧಾನವಾದುದು. ಏಕೆಂದರೆ ಮುಂದಿನ ಹಂತಗಳೆಲ್ಲವೂ ಸಂಕೇತದೊಡನೆ ಆ ಗದ್ದಲವನ್ನೂ ಹಿಗ್ಗಿಸುತ್ತವೆ. ಆದುದರಿಂದ ಶ್ರಮವನ್ನೂ ಹಣವನ್ನೂ ಸರಣಿಯ ತುದಿಯಲ್ಲಿ ವ್ಯಯಿಸುವುದಕ್ಕಿಂತ ಆದಿಯಲ್ಲಿ ವ್ಯಯಿಸುವುದೇ ಯುಕ್ತ.

ಕೊಠಡಿ ಮತ್ತು ಮೈಕ್

ಮೊದಲನೆಯ ಕೊಂಡಿ ಕೊಠಡಿಯೇ. ಫ್ಯಾನನ್ನು ನಿಲ್ಲಿಸಿ, ನೆಲಕ್ಕೆ ಜಮಖಾನೆ ಹಾಸಿ, ಬರಿಯ ಗೋಡೆಗಳ ಮುಂದೆ ದಪ್ಪ ಕಂಬಳಿಗಳನ್ನು ಇಳಿಬಿಟ್ಟರೆ ಮಾರ್ದನಿ ತಗ್ಗುತ್ತದೆ. ಬೀದಿಯ ಸದ್ದನ್ನು ಕಂಬಳಿ ತಡೆಯಲಾರದು. ಅದಕ್ಕೆ ನಿಶ್ಶಬ್ದವಾದ ವೇಳೆಯನ್ನು ಆರಿಸಿಕೊಳ್ಳುವುದೇ ಉಪಾಯ.

ಮೈಕಿನ ದೂರವು ಅತ್ಯಂತ ಮುಖ್ಯವಾದುದು. ದೂರ ಇಮ್ಮಡಿಯಾದಂತೆಲ್ಲ ನೇರವಾಗಿ ತಲುಪುವ ಧ್ವನಿಯು ಸುಮಾರು 6 ಡೆಸಿಬಲ್ ಕುಗ್ಗುತ್ತದೆ. 15 ಸೆಂಟಿಮೀಟರ್ ದೂರದಲ್ಲಿದ್ದ ಮೈಕನ್ನು 60 ಸೆಂಟಿಮೀಟರಿಗೆ ಸರಿಸಿದರೆ ಕಂಠಧ್ವನಿ 12 ಡೆಸಿಬಲ್ ಇಳಿಯುತ್ತದೆ. ಆ ಕೊರತೆಯನ್ನು ವರ್ಧನೆಯಿಂದ ತುಂಬಹೊರಟರೆ ಕೊಠಡಿಯ ಮಾರ್ದನಿಯೂ ಗಡಿಯಾರದ ಸದ್ದೂ ಅಷ್ಟೇ ಏರುತ್ತವೆ. ಹಾಗೆಂದು ತೀರ ಹತ್ತಿರ ಹಿಡಿದರೆ, ಒಂದು ದಿಕ್ಕಿನಿಂದ ಹೆಚ್ಚಾಗಿ ಗ್ರಹಿಸುವ ಮೈಕುಗಳಲ್ಲಿ ಮಂದ್ರವು ಉಬ್ಬುತ್ತದೆ. ‘ಪ’, ‘ಬ’ ಅಕ್ಷರಗಳ ಉಸಿರು ಹೊಡೆತದಂತೆ ಕೇಳುತ್ತದೆ. ಒಂದು ಗೇಣಿನ ಆಸುಪಾಸಿನಲ್ಲಿ ಆರಂಭಿಸಿ, ಕೇಳಿ ನೋಡಿ ಸರಿಪಡಿಸುವುದು ಮೇಲು.

ಡೈನಮಿಕ್ ಮೈಕಿಗೆ ಹೊರಗಿನ ವಿದ್ಯುತ್ತು ಬೇಡ. ಸದ್ದುಳ್ಳ ಕೊಠಡಿಯಲ್ಲಿ ಹತ್ತಿರದಿಂದ ಬಳಸಲು ಅದು ಅನುಕೂಲ. ಕಂಡೆನ್ಸರ್ ಮೈಕು ಸೂಕ್ಷ್ಮವಾದುದು. ಅದಕ್ಕೆ ಸಾಮಾನ್ಯವಾಗಿ 48 ವೋಲ್ಟಿನ ‘ಫ್ಯಾಂಟಮ್’ ವಿದ್ಯುತ್ತನ್ನು ಅದೇ ಕೇಬಲಿನ ಮೂಲಕ ಒದಗಿಸಬೇಕು. ಮೈಕನ್ನು ಸಿಕ್ಕಿಸುವ ಮತ್ತು ಬಿಡಿಸುವ ಮುನ್ನ ಈ ಗುಂಡಿಯನ್ನು ಆರಿಸಿರುವುದು ಒಳ್ಳೆಯ ಅಭ್ಯಾಸ.

ಕೇಬಲ್

ಮೈಕಿನಿಂದ ಹೊರಡುವ ಸಂಕೇತವು ಕೆಲವೇ ಮಿಲಿವೋಲ್ಟುಗಳಷ್ಟು ಕ್ಷೀಣವಾದುದು. ಮೂರು ಮುಳ್ಳುಗಳ ಎಕ್ಸ್‌ಎಲ್‌ಆರ್ ಕೇಬಲಿನಲ್ಲಿ ಒಂದನೆಯ ಮುಳ್ಳು ಹೊರಕವಚಕ್ಕೆ ಸೇರಿದೆ; ಎರಡನೆಯ ಮತ್ತು ಮೂರನೆಯ ತಂತಿಗಳಲ್ಲಿ ಸಂಕೇತವು ಪರಸ್ಪರ ವಿರುದ್ಧವಾಗಿ ಹರಿಯುತ್ತದೆ. ಹೊರಗಿನ ತೊಡಕು ಎರಡು ತಂತಿಗಳಿಗೂ ಸಮನಾಗಿ ಅಂಟುತ್ತದೆ. ಪೂರ್ವವರ್ಧಕವು ಅವುಗಳ ವ್ಯತ್ಯಾಸವನ್ನು ಮಾತ್ರ ಸ್ವೀಕರಿಸುವುದರಿಂದ ತೊಡಕು ಅಳಿದು ಸಂಕೇತ ಉಳಿಯುತ್ತದೆ. ಭಾರತದ ಮನೆವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಮುದ್ರಣದಲ್ಲಿ ಕೇಳುವ ಗುಂಯ್‌ಗುಡುವಿಕೆಗೆ ಬಹುಮಟ್ಟಿಗೆ ಇದೇ ಕಾರಣ. ಎಲ್ಲ ಉಪಕರಣಗಳನ್ನೂ ಒಂದೇ ವಿದ್ಯುತ್ ಬೋರ್ಡಿಗೆ ಜೋಡಿಸುವುದರಿಂದಲೂ, ವಿದ್ಯುತ್ ತಂತಿಯ ಪಕ್ಕದಲ್ಲಿ ಮೈಕಿನ ಕೇಬಲನ್ನು ಎಳೆಯದಿರುವುದರಿಂದಲೂ ಅದನ್ನು ಕಡಿಮೆ ಮಾಡಬಹುದು.

ವರ್ಧನೆಯ ಹದ

ಪೂರ್ವವರ್ಧಕವು ಮೈಕಿನ ಸಂಕೇತವನ್ನು ನೂರಾರು, ಕೆಲವೊಮ್ಮೆ ಸಾವಿರ ಪಟ್ಟು ಹಿಗ್ಗಿಸಬೇಕಾಗುತ್ತದೆ. ಸಾವಿರ ಪಟ್ಟೆಂದರೆ 60 ಡೆಸಿಬಲ್. ಎಲೆಕ್ಟ್ರಾನಿಕ್ ತಂಬೂರಿಯಂಥ ವಾದ್ಯದ ಪ್ರಬಲ ಸಂಕೇತವನ್ನು ಮೈಕಿನ ದ್ವಾರಕ್ಕೆ ಕೊಡದೆ ‘ಲೈನ್’ ದ್ವಾರಕ್ಕೇ ಕೊಡಬೇಕು.

ಅಂಕೀಯ ಮಾಪಕದಲ್ಲಿ ಸೊನ್ನೆಯೇ ಮೇಲಿನ ಮಿತಿ. ಅದನ್ನು ಮೀರಿದ ಅಲೆಗಳ ತಲೆ ಕತ್ತರಿಸಿಹೋಗುತ್ತದೆ; ಬಳಿಕ ಕಂಪ್ಯೂಟರಿನಲ್ಲಿ ಧ್ವನಿಯನ್ನು ತಗ್ಗಿಸಿದರೂ ಕಳೆದ ಭಾಗ ಮರಳುವುದಿಲ್ಲ. ಆದ್ದರಿಂದ ತಾರಸ್ಥಾಯಿಯ ಭಾಗವನ್ನೇ ಪೂರ್ಣಕಂಠದಲ್ಲಿ ಹಾಡಿಸಿ, ಸೂಚಿಯು ಸೊನ್ನೆಗಿಂತ ಸುಮಾರು 12 ಡೆಸಿಬಲ್ ಕೆಳಗೆ ನಿಲ್ಲುವಂತೆ ಹದಮಾಡಬೇಕು. ಹೀಗೆ ಜಾಗ ಬಿಡುವುದರಿಂದ ನಷ್ಟವಿಲ್ಲ. 16 ಬಿಟ್ ಮುದ್ರಣದ ವ್ಯಾಪ್ತಿ ಸುಮಾರು 96 ಡೆಸಿಬಲ್. 24 ಬಿಟ್ಟಿನದು ಸಿದ್ಧಾಂತದಲ್ಲಿ 144. ಮಾದರಿಗಳ ಸಂಖ್ಯೆ ಸೆಕೆಂಡಿಗೆ 48,000 ಇದ್ದರೆ, ಮಾನವನ ಕಿವಿಗೆ ಎಟುಕುವ 20,000 ಆವರ್ತಗಳವರೆಗಿನ ಧ್ವನಿಗೆ ಅದು ಸಾಕಾಗುತ್ತದೆ.

ಆಲಿಸುವ ಕ್ರಮ

ಮುದ್ರಿಸುವಾಗ ಸ್ಪೀಕರನ್ನು ಮುಚ್ಚಿ, ಕಿವಿಯನ್ನು ಪೂರ್ತಿ ಆವರಿಸುವ ಹೆಡ್‌ಫೋನನ್ನು ಬಳಸಬೇಕು. ಕಂಪ್ಯೂಟರ್ ಮಾದರಿಗಳನ್ನು ಕಂತುಗಳಲ್ಲಿ ಸ್ವೀಕರಿಸುವುದರಿಂದ ಧ್ವನಿ ತಡವಾಗಿ ಮರಳುತ್ತದೆ. 48,000ದ ಗತಿಯಲ್ಲಿ 128 ಮಾದರಿಗಳ ಕಂತಿಗೆ 2.7 ಮಿಲಿಸೆಕೆಂಡ್ ಸಾಕು. 1,024ರ ಕಂತಿಗಾದರೋ 21 ಮಿಲಿಸೆಕೆಂಡ್ ಬೇಕು. ಹೋಗಿಬರುವ ಒಟ್ಟು ವಿಳಂಬ ಇನ್ನೂ ಹೆಚ್ಚು. ಅದರಿಂದ ಹಾಡುವವರ ಲಯ ತಪ್ಪುತ್ತದೆ. ಇಂಟರ್ಫೇಸಿನಿಂದಲೇ ನೇರವಾಗಿ ಆಲಿಸುವ ಸೌಲಭ್ಯವಿದ್ದರೆ ಅದನ್ನೇ ಬಳಸುವುದು ಲೇಸು.

ಉಪಸಂಹಾರ

ಯಾರೂ ಹಾಡದಿರುವಾಗ ಒಂದು ನಿಮಿಷ ಬರಿಯ ಕೊಠಡಿಯನ್ನೇ ಮುದ್ರಿಸಿ ಕೇಳಿದರೆ ಸರಣಿಯ ದೋಷಗಳು ಬಯಲಾಗುತ್ತವೆ. ಆಗ ಕೊಠಡಿಯಿಂದ ಆರಂಭಿಸಿ, ಒಮ್ಮೆಗೆ ಒಂದೇ ಕೊಂಡಿಯನ್ನು ಬದಲಿಸುತ್ತ ಪರೀಕ್ಷಿಸಬೇಕು. ಮುದ್ರಣದ ಮೂಲಪ್ರತಿಯನ್ನು ಮುಟ್ಟದೆ, ಎರಡು ಬೇರೆ ಸ್ಥಳಗಳಲ್ಲಿ ಕಾದಿರಿಸಿ, ತಿದ್ದುಪಡಿಯನ್ನು ನಕಲಿನಲ್ಲಿ ಮಾತ್ರ ಮಾಡಬೇಕು.

ಸೋಬಾನೆ ಪದಗಳನ್ನೂ ಬೀಸುವ ಕಲ್ಲಿನ ಪದಗಳನ್ನೂ ಕಂಠಸ್ಥವಾಗಿ ಬಲ್ಲ ಹಿರಿಯರು ಇಂದಿಗೂ ಅನೇಕ ಮನೆಗಳಲ್ಲಿದ್ದಾರೆ. ಅವರನ್ನು ಕೂರಿಸಿ ಹಾಡಿಸುವ ಅವಕಾಶ ಕೆಲವೊಮ್ಮೆ ಒಂದೇ ಬಾರಿ ದೊರೆಯುತ್ತದೆ. ಅಂದು ಮೈಕು ದೂರವಾಗಿದ್ದರೆ ಅಥವಾ ವರ್ಧನೆ ಮಿತಿ ಮೀರಿದ್ದರೆ ಮುಂದಿನ ಯಾವ ಯಂತ್ರವೂ ಆ ಧ್ವನಿಯನ್ನು ಮೊದಲಿದ್ದಂತೆ ತಂದುಕೊಡಲಾರದು. ಆದಕಾರಣ ಹಿರಿಯರನ್ನು ಕರೆತರುವ ಹಿಂದಿನ ದಿನವೇ ಸರಣಿಯನ್ನು ಜೋಡಿಸಿ ಪರೀಕ್ಷಿಸಿಟ್ಟುಕೊಳ್ಳುವುದು ಈ ಕಾರ್ಯವನ್ನು ಕೈಗೊಂಡವರ ಮೊದಲ ಕರ್ತವ್ಯವಾಗಿದೆ.