ಮುಟ್ಟಬಹುದಾದ ಪಾರ್ಕು

ದಸರೆಗೆ ಗೊಂಬೆ ಕೂರಿಸುವಾಗ ಪಕ್ಕದಲ್ಲೊಂದು ಪಾರ್ಕು ಮಾಡ್ತೀವಲ್ಲ, ವಾರ ಮುಂಚೆಯೇ ರಾಗಿ ಚೆಲ್ಲಿ ಹಸಿರು ಬರಿಸಿ, ಕನ್ನಡಿ ಇಟ್ಟು ಕೊಳ ಮಾಡಿ, ದಡದಲ್ಲಿ ಬಾತುಕೋಳಿ ನಿಲ್ಲಿಸಿ. ಮನೆಗೆ ಬಂದ ಸಣ್ಣ ಮಕ್ಕಳು ಪಟ್ಟದ ಗೊಂಬೆ ಕಡೆ ತಿರುಗಿಯೂ ನೋಡೋದಿಲ್ಲ ಕಣಮ್ಮ, ಕಣ್ಣೆಲ್ಲ ಆ ಪಾರ್ಕಿನ ಮೇಲೇ. ಕೈ ಚಾಚಿದ ಕೂಡಲೇ ನಾವು ‘ಮುಟ್ಟಬೇಡ’ ಅಂತೀವಿ. ನಿನ್ನ ಮಗನಿಗೆ ಮುಟ್ಟಬಹುದಾದ ಅಂಥದ್ದೊಂದು ಪಾರ್ಕು ಮಾಡಿಕೊಡು.

ಸೆನ್ಸರಿ ಕಿಟ್ ಅಂತ ದುಡ್ಡು ಸುರೀಬೇಡ. ಅಗಲವಾದ ಪರಾತ ಒಂದು ಸಾಕು. ಕೆಳಗೆ ಹಳೇ ಬೆಡ್‌ಶೀಟ್ ಹಾಸು, ಆಮೇಲೆ ನಾಲ್ಕು ಮೂಲೆ ಹಿಡಿದು ಹೊರಗೆ ಕೊಡವಿದರಾಯ್ತು. ಪರಾತದ ಅರ್ಧಕ್ಕೆ ಹುರಿದು ಆರಿಸಿದ ರಾಗಿಹಿಟ್ಟು ಹರಡು. ಹೇಗಿದ್ದರೂ ಬಾಯಿಗೆ ಹಾಕ್ಕೊಳ್ತಾನೆ, ಹಸಿ ಹಿಟ್ಟಿನಿಂದ ಹೊಟ್ಟೆ ಕೆಡಬಹುದು, ಹುರಿಯೋದನ್ನ ಮರೀಬೇಡ. ಒಂದು ಮೂಲೆಗೆ ನೀರು ಚಿಮುಕಿಸು, ಒಣ ಮಣ್ಣೂ ಕೆಸರೂ ಎರಡೂ ಬೆರಳಿಗೆ ಸಿಗಲಿ. ಆ ಕೆಸರಲ್ಲಿ ಕೊತ್ತಂಬರಿ ಕಡ್ಡಿ ನೆಟ್ಟರೆ ತೋಪು, ಕೈಗೆಲ್ಲ ಅದರ ಘಮ. ಬಟ್ಟಲಲ್ಲಿ ನಾಲ್ಕು ಚಮಚ ನೀರು ಹಾಕಿದರೆ ಕೆರೆ. ಚನ್ನಪಟ್ಟಣದ ಮರದ ಹಸು ಒಂದು, ಮೊಗೆಯೋಕೆ ಒಂದು ಸೌಟು. ಅಲ್ಲಿಗೆ ನಿಲ್ಲಿಸು.

ಅಲ್ಲಿಗೆ ನಿಲ್ಲಿಸೋದೇ ಕಷ್ಟ. ಹತ್ತು ಪ್ರಾಣಿ, ಬೇಲಿ, ರೈಲು ಎಲ್ಲ ಜೋಡಿಸಿದರೆ ಫೋಟೋಗೆ ಚೆನ್ನ, ಮಗು ಒಂದೊಂದೇ ಎತ್ತಿ ಎಸೆದು ಎದ್ದು ಹೋಗುತ್ತೆ. ಹಸು ಒಂದೇ ಇದ್ದರೆ ಅದಕ್ಕೆ ಹಸಿವಾಗುತ್ತೆ, ಬಾಯಾರುತ್ತೆ, ಕೆಸರಲ್ಲಿ ಜಾರಿ ಬೀಳುತ್ತೆ.

ಒಂದೂವರೆ ವರ್ಷದ ಕೂಸು ಮೊದಮೊದಲು ಕತೆಗಿತೆ ಕಟ್ಟೋದಿಲ್ಲ. ಹಿಟ್ಟು ಮೊಗೆದು ಸುರಿಯುತ್ತೆ, ಮತ್ತೆ ಮೊಗೆಯುತ್ತೆ. ಕೈಯಿಂದ ಉದುರೋದನ್ನೇ ನೋಡ್ತಾ ಕೂತಿರುತ್ತೆ. ಅದು ಪೂರಾ ಆಟವೇ, ಅವಸರ ಬೇಡ. ಎರಡರ ಹತ್ತಿರ ಬರುವಾಗ ಒಂದು ದಿನ ಹಸುವಿನ ಮೂತಿಯನ್ನ ಕೆರೆಗೆ ಅದ್ದಿ, ‘ಸುರ್’ ಅಂತ ಸದ್ದು ಮಾಡಿ, ನಿನ್ನ ಮುಖ ನೋಡ್ತಾನೆ. ಆಗ ‘ಹಸು ಯಾವ ಕಲರ್, ಕಾಲು ಎಷ್ಟು’ ಅಂತ ಪರೀಕ್ಷೆ ಶುರು ಮಾಡಬೇಡ. ‘ಪಾಪ, ಬಾಯಾರಿತ್ತಾ?’ ಅನ್ನು, ಸುಮ್ಮನಾಗು. ಮುಂದಿನದು ಅವನೇ ಮಾಡ್ತಾನೆ. ಹತ್ತೇ ನಿಮಿಷಕ್ಕೆ ಎದ್ದು ಹೋದರೂ ಕರೆದು ಕೂರಿಸಬೇಡ.

ಇನ್ನೊಂದು ಮಾತು, ಇದನ್ನ ಗಟ್ಟಿಯಾಗಿ ಹೇಳ್ತೀನಿ. ಮೂರು ವರ್ಷ ತುಂಬೋವರೆಗೆ ಪರಾತಕ್ಕೆ ಕಡಲೆಬೀಜ, ಅಲಸಂದೆ, ಬಟಾಣಿ, ಮಣಿ, ಗೋಲಿ ಯಾವುದೂ ಬೇಡ. ಬಾಯಿಗೆ ಹೋದರೆ ಉಸಿರುನಾಳಕ್ಕೆ ಅಡ್ಡ, ಮೂಗಿಗೆ ತುರುಕಿಕೊಂಡರೆ ಒಳಗಿನ ಪಸೆಗೇ ಕಾಳು ಊದಿಕೊಳ್ಳುತ್ತೆ. ನೀರಿಗೆ ಹಾಕಿದರೆ ಉಬ್ಬುವ ಬಣ್ಣದ ಜೆಲ್ ಮಣಿಗಳನ್ನಂತೂ ಮನೆಯೊಳಗೇ ತರಬೇಡ. ನುಂಗಿದರೆ ಕರುಳಲ್ಲಿ ಉಬ್ಬಿ ದಾರಿ ಕಟ್ಟುತ್ತವೆ. ಬಟನ್ ಸೆಲ್ ಇರುವ ಆಟಿಕೆಯೂ ಬೇಡ, ಅದು ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಡುತ್ತೆ. ಎರಡಂಗುಲ ನೀರಲ್ಲೂ ಕೂಸು ಮುಳುಗಬಹುದು. ಫೋನ್ ಬಂದರೆ ಬರಲಿ, ನೀನು ಪರಾತದ ಪಕ್ಕದಿಂದ ಏಳಬೇಡ.

ತಿನ್ನೋ ಪದಾರ್ಥ ಆಟಕ್ಕೆ ಹಾಕ್ತೀಯಾ ಅಂತ ನಿಮ್ಮತ್ತೆ ಬೇಸರ ಮಾಡಿಕೊಂಡರೆ ಎದುರಾಡಬೇಡ, ಅವರ ಮಾತಲ್ಲಿ ನ್ಯಾಯ ಇದೆ. ಹಿಟ್ಟಿನ ಬದಲು ಕಲ್ಲು, ಕಸ ತೆಗೆದ ಜೇಡಿಮಣ್ಣು ಕಲಸು. ಅವರು ಧಾರವಾಡದ ಕಡೆಯವರು, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಕೈ. ಕೋಡು ಮುರಿಯದ ಹಾಗೆ ದಪ್ಪಗೆ ಎರಡು ಎತ್ತು ಅವರ ಕೈಲೇ ಮಾಡಿಸು. ಪುಟ್ಟನ ಜೊತೆ ಅವರೂ ನೆಲದ ಮೇಲೆ ಕೂತು ಹೊಲ ಹೂಡಲಿ.